ನ್ಯೂಯಾರ್ಕಿನ ಒಂದು ನೆಲಮಾಳಿಗೆ

ನ್ಯೂಯಾರ್ಕ್ ಮಹಾನಗರಕ್ಕೆ ಹೋದವರು ಗಗನಚುಂಬಿ ಸೌಧಗಳನ್ನು ಕತ್ತೆತ್ತಿ ನೋಡಿ ಬರುವುದು ವಾಡಿಕೆ. ಅಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ಅಂಥವುಗಳ ದೊಡ್ಡ ಪಟ್ಟಿಯನ್ನೇ ಸಿದ್ಧಪಡಿಸಿದ್ದನು. ನನಗಾದರೋ ನೆಲದ ಕೆಳಗಿನ ಒಂದು ಕೋಣೆಯನ್ನು ನೋಡಬೇಕೆಂಬ ಹಂಬಲವು ಮೂವತ್ತು ವರ್ಷಗಳಿಂದ ಇದ್ದಿತು.

ಗ್ರೀನ್‌ವಿಚ್ ವಿಲೇಜ್ ಎಂಬ ಪೇಟೆಯಲ್ಲಿ, ಏಳನೆಯ ಅವೆನ್ಯೂವಿನ ಮೇಲೆ, ಒಂದು ಕಿರುಬಾಗಿಲಿನಿಂದ ಹದಿನೈದು ಮೆಟ್ಟಿಲುಗಳನ್ನು ಇಳಿದರೆ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಸ್ ಸಂಗೀತಶಾಲೆ ಸಿಗುವುದು. ಮ್ಯಾಕ್ಸ್ ಗಾರ್ಡನ್ ಎಂಬವರು 1935ರಲ್ಲಿ ಇದನ್ನು ಇಲ್ಲಿ ತೆರೆದರು. ಮೊದಮೊದಲು ಕವಿಗಳು ಪದ್ಯಗಳನ್ನು ಓದುತ್ತಿದ್ದರಂತೆ. 1957ರಿಂದೀಚೆಗೆ ಜಾಸ್ ಸಂಗೀತವೇ ಇಲ್ಲಿಯ ಮುಖ್ಯ ವ್ಯವಹಾರವಾಯಿತು.

ಜಾಸ್ ಎಂದರೆ ಬರಿಯ ಗದ್ದಲವೆಂದು ಭಾವಿಸಿರುವ ವಾಚಕರಿಗೆ ಒಂದು ಮಾತನ್ನು ಅರಿಕೆಮಾಡಬೇಕು. ಆಫ್ರಿಕ ಮೂಲದ ಅಮೆರಿಕನ್ನರು ನ್ಯೂ ಆರ್ಲಿಯನ್ಸ್ ಮೊದಲಾದ ಊರುಗಳಲ್ಲಿ ಬೆಳೆಸಿದ ಈ ವಿದ್ಯೆಗೆ, ನಮ್ಮ ಸಂಗೀತಕ್ಕೆ ಹೇಗೋ ಹಾಗೆಯೇ, ಮನೋಧರ್ಮವು ಪ್ರಾಣ. ಎಲ್ಲರೂ ಬಲ್ಲ ಹಾಡೊಂದನ್ನು ಎತ್ತಿಕೊಂಡು, ಅದರ ಲಯವನ್ನೂ ಸ್ವರಸಂಚಾರದ ಹಾದಿಯನ್ನೂ ಬಿಡದೆ, ಆ ಕ್ಷಣದಲ್ಲಿ ಹೊಳೆದುದನ್ನು ನುಡಿಸುವರು. ಇಂದು ನುಡಿದುದು ನಾಳೆ ಬಾರದು. ಆದಕಾರಣವೇ ಈ ಕೋಣೆಯಲ್ಲಿ ಮುದ್ರಿತವಾದ ತಟ್ಟೆಗಳಿಗೆ ಅಷ್ಟು ಬೆಲೆ. ಪಿಯಾನೋವಿನ ಆಸರೆಯಿಲ್ಲದೆ ಸಾನಿ ರಾಲಿನ್ಸ್ ಅವರು 1957ರಲ್ಲಿ ನುಡಿಸಿದ ಸ್ಯಾಕ್ಸೊಫೋನ್ ವಾದನ ಅವುಗಳಲ್ಲೊಂದು. 1961ರ ನವೆಂಬರಿನ ಜಾನ್ ಕೋಲ್ಟ್ರೇನರ ವಾದನ ಇನ್ನೊಂದು. ಇದು ನನ್ನ ನಾಲಗೆಗೆ ತುಸು ಖಾರ.

ನಾನು ಹೋದುದು ಮತ್ತೊಂದು ತಟ್ಟೆಯ ಸಲುವಾಗಿ. 1961ನೆಯ ಜೂನ್ 25, ಭಾನುವಾರ. ಪಿಯಾನೋ ಬಿಲ್ ಎವಾನ್ಸ್. ಆಳೆತ್ತರದ ಪಿಟೀಲಿನಂತಿರುವ ಬೇಸ್ ಎಂಬ ಮಂದ್ರವಾದ್ಯ ಸ್ಕಾಟ್ ಲಫಾರೋ. ಡ್ರಮ್ಸ್ ಪಾಲ್ ಮೋಟಿಯನ್. ಮಧ್ಯಾಹ್ನ ಎರಡು ಸಲ, ರಾತ್ರಿ ಮೂರು ಸಲ ಕೂತು ನುಡಿಸಿದರು. ಸಾಮಾನ್ಯವಾಗಿ ಬೇಸ್ ವಾದಕನು ಹಿಂದೆ ನಿಂತು ತಾಳದ ಹೆಜ್ಜೆಯನ್ನು ಹಾಕುವವನು. ಲಫಾರೋ ಅವರಾದರೋ ಪಿಯಾನೋವಿನೊಡನೆ ಸಮಾನಸ್ಕಂಧರಾಗಿ ಸಂವಾದಕ್ಕೆ ತೊಡಗಿರುವರು. ಒಬ್ಬರ ಪ್ರಶ್ನೆ ಮುಗಿಯುವ ಮೊದಲೇ ಇನ್ನೊಬ್ಬರ ಉತ್ತರ! ಅದಾದ ಹನ್ನೊಂದನೆಯ ದಿನ, ಜುಲೈ 6ರಂದು, ಲಫಾರೋ ಅವರು ಮೋಟಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಇಪ್ಪತ್ತೈದು. ಎವಾನ್ಸರು ತಿಂಗಳುಗಟ್ಟಲೆ ಸಭೆಯಲ್ಲಿ ನುಡಿಸಲಿಲ್ಲ. ಆ ದಿನದ ಮೊದಲ ತಟ್ಟೆಯು ಲಫಾರೋ ಅವರ ರಚನೆಯಿಂದಲೇ ಆರಂಭವಾಗಿ ಅವರ ರಚನೆಯಿಂದಲೇ ಮುಗಿಯುವುದು.

ಈ ತಟ್ಟೆಯಲ್ಲಿ ನನಗೆ ಸಹಿಸಲಾಗದುದು ಒಂದಿದ್ದಿತು. ಸಂಗೀತದ ನಡುವೆ ಲೋಟಗಳ ಕಿಣಿಕಿಣಿ, ಹರಟೆ, ನಗು. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಮಾತನಾಡುವ ಹಿಂದಿನ ಸಾಲಿನ ಮೇಲೆ ಕಣ್ಣು ಹೋಗದಿರುವುದೇ? ಇಂಥವರ ಎದುರಿಗೇ ಸರಸ್ವತಿ ಇಳಿದು ಬರಬೇಕೇ ಎಂದು ಎಷ್ಟೋ ಸಲ ಹಲ್ಲು ಕಡಿದಿದ್ದೆನು.

ನಾವು ಹೋದುದು ಸೋಮವಾರ ರಾತ್ರಿ. 1966ರಲ್ಲಿ ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಎಂಬವರು ಆರಂಭಿಸಿದ ವಾದ್ಯವೃಂದದ ಪರಂಪರೆ ಆ ವಾರದಲ್ಲಿ ಇಂದಿಗೂ ನಡೆದಿರುವುದು. ಕೋಣೆ ಮೊರದಂತೆ ಒಂದು ಕಡೆಗೆ ಕಿರಿದಾಗುವ ತ್ರಿಕೋಣ. ಆ ಕಿರಿದಾದ ತುದಿಯಲ್ಲಿ ಕೆಂಪು ಪರದೆಯ ಮುಂದೆ ವೇದಿಕೆ. ಗೋಡೆಯ ಮೇಲೆ ಹಿಂದಿನ ವಾದಕರ ಚಿತ್ರಗಳು. ಹಿಡಿಸುವುದು ನೂರಿಪ್ಪತ್ತಕ್ಕೆ ತುಸು ಮೇಲ್ಪಟ್ಟ ಜನ. ನಮ್ಮೂರಿನ ರಾಮೋತ್ಸವದ ಚಪ್ಪರವೂ ಇದಕ್ಕಿಂತ ವಿಶಾಲ! ಆ ಇಕ್ಕಟ್ಟಿನಲ್ಲಿ ಹದಿನಾರು ಮಂದಿ ಒತ್ತಾಗಿ ಕುಳಿತು ಒಮ್ಮೆಗೇ ಊದಿದಾಗ ನಾದವು ಎದೆಗೆ ತಗಲಿತು. ವಾದನದ ವೇಳೆ ಯಾರೂ ಮಾತನಾಡಕೂಡದೆಂಬುದು ಈಗ ಅಲ್ಲಿಯ ನಿಯಮ. ಅದನ್ನು ಕೇಳಿ ಪರಮಾನಂದವಾಯಿತು.

ನಡುವೆ ಇತರರೆಲ್ಲ ವಾದ್ಯಗಳನ್ನು ಕೆಳಗಿರಿಸಿದರು. ಬೇಸ್ ಒಂದೇ ಉಳಿಯಿತು. ನನಗೆ ತಡೆಯಲಾಗಲಿಲ್ಲ. ಮಗನ ಕಿವಿಗೆ ಬಾಗಿ, “ಲಫಾರೋ ನಿಂತು ನುಡಿಸಿದುದು ಅಲ್ಲಿಯೇ ಕಣಪ್ಪಾ,” ಎಂದು ಮೊದಲುಮಾಡಿ, ಭಾನುವಾರ, ಹನ್ನೊಂದು ದಿನ, ಮೋಟಾರು ಎಲ್ಲವನ್ನೂ ಹೇಳಿದೆನು. ಪಕ್ಕದ ವೃದ್ಧೆಯೊಬ್ಬರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. ನಾನು ಬಾಯಿ ಮುಚ್ಚುವಷ್ಟರಲ್ಲಿ ಬೇಸ್ ಮುಗಿದು ವೃಂದವೆಲ್ಲ ಮತ್ತೆ ಎದ್ದಿದ್ದಿತು. ಆತನು ಏನು ನುಡಿಸಿದನೋ ನಾನು ಕೇಳಲಿಲ್ಲ. ಅದನ್ನು ಮುದ್ರಿಸಿಕೊಂಡವರೂ ಇರಲಿಲ್ಲ.

ಊರಿಗೆ ಬಂದ ಮೇಲೆ ತಟ್ಟೆಯನ್ನು ಮತ್ತೆ ಹಾಕಿದೆನು. ಲಫಾರೋ ಅವರ ಬೆರಳುಗಳು ಓಡುತ್ತಿರಲು, ಹಿಂದೆ ಎಲ್ಲಿಯೋ ಯಾರೋ ನಕ್ಕರು. ಪಕ್ಕದವರು ಅವರ ಕಿವಿಯಲ್ಲಿ ಏನು ಹೇಳಿದರೋ ಎಂದು ಕೇಳಿಸಿಕೊಳ್ಳಲು ಪೆಟ್ಟಿಗೆಯ ಹತ್ತಿರಕ್ಕೆ ಕುರ್ಚಿಯನ್ನು ಎಳೆದುಕೊಂಡೆನು.