ಕೆಎ 31

ಎಕ್ಕಂಬಿಯಲ್ಲಿ ಬಸ್ಸಿಗೆ ಕಾಯುವವರಿಗೆ ಕವಳ ಇದೆ, ಮೊಬೈಲು ಇದೆ. ನನಗೆ ನಂಬರ್ ಪ್ಲೇಟು. ಬಂದ ಲಾರಿ ತಿರುವಿನಲ್ಲಿ ಮರೆಯಾಗುವುದರೊಳಗೆ ಅದರ ನಾಲ್ಕಂಕಿ ಅವಿಭಾಜ್ಯವೋ ಅಲ್ಲವೋ ತೀರ್ಮಾನವಾಗಬೇಕು. ತುಟಿ ಅಲ್ಲಾಡುವುದನ್ನು ಕಂಡು ಹಿರಿಯರೊಬ್ಬರು ಕೇಳಿದ್ದುಂಟು: "ಎಂತದಾ ಮಾಣಿ, ಜಪವಾ?"

ಜಪವೇ. ನೂರರೊಳಗಿನ 25 ಅವಿಭಾಜ್ಯಗಳಲ್ಲಿ ಯಾವುದರಿಂದಲೂ ಭಾಗ ಹೋಗದಿದ್ದರೆ ಸಾಕು, 9999ರ ವರ್ಗಮೂಲ ನೂರು ಮುಟ್ಟುವುದಿಲ್ಲ. 2, 3, 5 ಕಣ್ಣಿಗೇ ಕಾಣುತ್ತವೆ. 7, 11, 13 ಮೂರನ್ನೂ ಗುಣಿಸಿದರೆ 1001. ಹಾಗಾಗಿ ಕೊನೆಯ ಮೂರಂಕಿಯಿಂದ ಮೊದಲಂಕಿ ಕಳೆದು, ಉಳಿದದ್ದನ್ನು ನೋಡಿದರಾಯಿತು. 2047 ಬಂತೆನ್ನಿ. 47ರಲ್ಲಿ 2 ಹೋದರೆ 45, ಮೂರೂ ತೊಲಗಿದವು. 17, 19 ಕೂಡ ಸೋತವು. ಇನ್ನೇನು ಗೆದ್ದಿತು ಅನ್ನುವಾಗ 23 ಅಡ್ಡ ಬರುತ್ತದೆ: 23 × 89. ಈ ಸೋಲಿನಲ್ಲೊಂದು ಸುಖವಿದೆ.

ಪ್ಲೇಟಿನಲ್ಲಿ ಕೆಎ ಆದಮೇಲೆ ಬರುವ ಊರಿನ ಸಂಖ್ಯೆಯೂ ಇದೆಯಲ್ಲ. ಸುತ್ತಲಿನವು ಕಾರವಾರದ 30, ಹಾವೇರಿಯ 27, ಧಾರವಾಡದ 25, ಹುಬ್ಬಳ್ಳಿಯ 63. ಎಲ್ಲವೂ ಒಡೆಯುತ್ತವೆ. ನಮ್ಮ ಶಿರಸಿಯ 31 ಒಡೆಯುವುದಿಲ್ಲ. ಅಷ್ಟೇ ಅಲ್ಲ, ಎರಡನ್ನು ಐದು ಸಲ ಗುಣಿಸಿ ಒಂದು ಕಳೆದರೆ 31. ಎರಡನ್ನು 31 ಸಲ ಗುಣಿಸಿ ಒಂದು ಕಳೆದರೆ 2147483647; ಅದೂ ಅವಿಭಾಜ್ಯ. 2047 ಕೂಡ ಇದೇ ರೀತಿ 11ರಿಂದ ಹುಟ್ಟಿದ್ದು, ಆದರೆ ಉಳಿಯಲಿಲ್ಲ.

ಈ ಹತ್ತಂಕಿಯನ್ನು ಪಳಗಿಸಿದವನು ಗಣಿತಜ್ಞ ಆಯ್ಲರ್, 1772ರಲ್ಲಿ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋದ ಮೇಲೆ. ನೇರ ದಾರಿಯಲ್ಲಿ ಹೋದರೆ 46,340ರವರೆಗಿನ 4,792 ಅವಿಭಾಜ್ಯಗಳಿಂದ ಭಾಗಿಸಬೇಕಿತ್ತು. ಇದಕ್ಕೆ ಅವಿಭಾಜ್ಯ ಭಾಜಕವೊಂದಿದ್ದರೆ ಅದನ್ನು 248ರಿಂದ ಭಾಗಿಸಿದಾಗ 1 ಇಲ್ಲವೇ 63 ಉಳಿಯಲೇಬೇಕು ಎಂದು ಅವನು ಕಂಡುಕೊಂಡ. ಪರೀಕ್ಷೆಗೆ ಉಳಿದವು ಎಂಬತ್ತರಷ್ಟು ಮಾತ್ರ. ನಾನು ಇಪ್ಪತ್ತೈದಕ್ಕೇ ಬೆವರುತ್ತೇನೆ. ಈ ಹತ್ತಂಕಿಯಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ (ತನಗಿಂತ ಚಿಕ್ಕ ಭಾಜಕಗಳ ಮೊತ್ತಕ್ಕೆ ಸಮನಾದದ್ದು) ದೊಡ್ಡದನ್ನು ಯಾರೂ ಹುಡುಕಲಾರರು, ಉಪಯೋಗಕ್ಕೆ ಬಾರದ್ದರ ಬೆನ್ನು ಯಾರು ಹತ್ತುತ್ತಾರೆ ಎಂಬರ್ಥದಲ್ಲಿ ಗಣಿತಜ್ಞ ಪೀಟರ್ ಬಾರ್ಲೊ 1811ರಲ್ಲಿ ಬರೆದ. ಪಾಪ, ಎಕ್ಕಂಬಿಯಲ್ಲಿ ಬಸ್ಸಿಗೆ ಕಾದವನಲ್ಲ. ಉಪಯೋಗವೂ ಆಮೇಲೆ ಬಂತು: ಹಳೆಯ ಬಗೆಯ ಕಂಪ್ಯೂಟರುಗಳು 1970ರಿಂದ ಸೆಕೆಂಡು ಎಣಿಸುತ್ತ ಬಂದಿವೆ, ಅವಕ್ಕೆ ಎಣಿಸಲು ಬರುವ ಕೊನೆಯ ಸಂಖ್ಯೆ ಇದೇ 2147483647. ಆ ಎಣಿಕೆ 2038ರ ಜನವರಿ 19ಕ್ಕೆ ಮುಗಿಯುತ್ತದೆ.

ಎರಡನ್ನು 2147483647 ಸಲ ಗುಣಿಸಿ ಒಂದು ಕಳೆದರೆ? ನನಗೂ ಆಸೆಯಿತ್ತು. ಆದರೆ ಅದು 295257526626031ರಿಂದ ಭಾಗವಾಗಿಬಿಡುತ್ತದೆ. ಶಿರಸಿಯ ಸರಪಳಿ ಅಲ್ಲಿಗೆ ಕಡಿಯಿತು. ಹೊಟ್ಟೆಕಿಚ್ಚಾಗುವುದು ಕೋಲಾರದ ಗಾಡಿ ಕಂಡಾಗ. ಅವರ 7ರಿಂದ 127, 127ರಿಂದ 39 ಅಂಕಿಗಳ ಇನ್ನೊಂದು. ಅದು ಅವಿಭಾಜ್ಯವೆಂದು 1876ರಲ್ಲಿ ಗಣಿತಜ್ಞ ಲೂಕಾಸ್ ಕೈಲೆಕ್ಕದಲ್ಲೇ ತೋರಿಸಿದ. ಅದರ ಮುಂದಿನ ಕೊಂಡಿ ಗಟ್ಟಿಯೋ ಪೊಳ್ಳೋ ಇವತ್ತಿಗೂ ಯಾರಿಗೂ ತಿಳಿಯದು. ಪೊಳ್ಳಾಗಿದ್ದರೆ ಶಿರಸಿಯವರಿಗೆ ತುಸು ಸಮಾಧಾನ.