ಬೂಟಿನ ಮೆರುಗು

ಮನೆಯ ಬಾಗಿಲಲ್ಲಿಯೇ ಪಾದರಕ್ಷೆಯನ್ನು ಕಳಚಿಟ್ಟು ಒಳಗೆ ಬರುವ ಜನ ನಾವು. ಅದರಿಂದಲೋ ಏನೋ, ಧೋತರದ ಅಂಚು, ಸೀರೆಯ ನೆರಿಗೆ ಇವುಗಳ ವಿಷಯದಲ್ಲಿ ತೋರಿಸುವ ವಿವೇಚನೆಯನ್ನು ಬೂಟಿನ ವಿಷಯದಲ್ಲಿ ತೋರಿಸುವ ರೂಢಿ ನಮ್ಮಲ್ಲಿ ಕಡಿಮೆ. ಬೂಟಿಗೆ ಮೆರುಗು ಕೊಡುವವನ ವಿಷಯದಲ್ಲಂತೂ ಅದು ಇಲ್ಲವೆಂದೇ ಹೇಳಬೇಕು. ಎದುರಿಗೆ ಸಿಕ್ಕವನ ಮುಂದೆ ಕಾಲು ಚಾಚುವುದು, ಕಾಸು ಕೊಡುವುದು, ನಡೆದುಬಿಡುವುದು. ಆದರೆ ದೊಡ್ಡ ಪಟ್ಟಣದಲ್ಲಿ ಈ ಕಸುಬನ್ನು ನಿಜವಾಗಿ ಬಲ್ಲವನು ದೊರೆಯುವುದು ಒಳ್ಳೆಯ ವೈದ್ಯನು ದೊರೆತಷ್ಟೇ ಭಾಗ್ಯವೆಂಬುದು ಮುಂಬಯಿಯ ವಾಸದಿಂದ ನಮಗೆ ತಿಳಿದುಬಂದಿದೆ.

ಮುಂಬಯಿಯಲ್ಲಿ ಬೂಟು ಪಾಲಿಷಿನವರಿಗೆ ಕೊರತೆಯಿಲ್ಲ. ರೈಲ್ವೆಯವರ ಪರವಾನಗಿ ಪಡೆದು ಅವರು ನಿಲ್ದಾಣಗಳಲ್ಲಿ, ಕಂಬದ ಮಗ್ಗುಲಲ್ಲಿ, ಕುಳಿತಿರುತ್ತಾರೆ. ಕೂಗಿ ಕರೆಯುವ ಬದಲು ಬ್ರಶ್ಶಿನ ಬೆನ್ನಿನಿಂದ ಮರದ ಪೆಟ್ಟಿಗೆಯನ್ನು ಟಕಟಕನೆ ಬಡಿಯುತ್ತಾರೆ. ಎಂತಹ ಗದ್ದಲದಲ್ಲಿಯೂ ಆ ಸದ್ದು ಕಿವಿಗೆ ಬೀಳುತ್ತದೆ. 1954ರಲ್ಲಿ ರಾಜ್ ಕಪೂರರು ನಿರ್ಮಿಸಿದ ‘ಬೂಟ್ ಪಾಲಿಶ್’ ಎಂಬ ಹಿಂದೀ ಚಿತ್ರವನ್ನು ಹಿರಿಯ ವಾಚಕರು ನೋಡಿರಬಹುದು. ಭಿಕ್ಷೆ ಬೇಡುವುದನ್ನು ಬಿಟ್ಟು ಬೂಟು ತಿಕ್ಕಿ ಬದುಕಬೇಕೆಂದು ಹಟತೊಟ್ಟ ಅಣ್ಣತಂಗಿಯರ ಕಥೆ ಅದು. ಆ ಮಕ್ಕಳಿಗೆ ಈ ಬ್ರಶ್ಶು ಮಾನದ ಗುರುತಾಗಿತ್ತು.

ನಮ್ಮ ತಂದೆಯವರು ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದರು. ಅವರು ತೀರಿಕೊಂಡ ಮೇಲೆ ಅವರ ಕರಿಯ ಬೂಟುಗಳು ನಮ್ಮ ಪಾಲಿಗೆ ಬಂದವು. ಮುಂಬಯಿಯ ಮಳೆಗಾಲದ ತೇವಕ್ಕೆ ಅವುಗಳ ಮೇಲೆ ಬೂಷ್ಟು ಹಿಡಿದು, ಮಡಿಕೆಗಳಲ್ಲಿ ತೊಗಲು ಬಿರಿಯತೊಡಗಿತು. ತಂಗಿಯ ಮಗಳ ಲಗ್ನ ಹತ್ತಿರ ಬಂದಿತ್ತು. ಬೇರೆ ಜೊತೆಯನ್ನು ಕೊಳ್ಳಬಹುದಿತ್ತು. ಆದರೆ ಆ ಹುಡುಗಿಗೆ ಅಕ್ಷರ ತಿದ್ದಿಸಿದ ಅಜ್ಜನ ಗುರುತು, ಚಪ್ಪರದ ಹೊರಗೆ ನಿಲ್ಲಬೇಕಾದುದೇ ಆದರೂ, ಮದುವೆಯ ಮನೆಯವರೆಗೆ ಬರಲೆಂಬುದು ನಮ್ಮ ಆಸೆ. ಅವುಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟೆವು.

ಮೊದಲು ಕಂಡ ತರುಣನು ಬೂಟನ್ನು ನೋಡುವುದಕ್ಕೆ ಮುಂಚೆಯೇ ಸ್ಪಂಜನ್ನು ಕೈಗೆತ್ತಿಕೊಂಡನು. ಥಟ್ಟನೆ ಹೊಳಪು ಕೊಡುವ ಈ ಸ್ಪಂಜುಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆಯಿರುತ್ತದೆ. ಮೇಲೆ ಥಳಥಳಿಸುತ್ತದೆ, ಒಣಗಿದ ತೊಗಲು ಒಳಗೆ ಒಣಗಿದಂತೆಯೇ ಉಳಿಯುತ್ತದೆ. ಅವನಿಗೆ ನಮಸ್ಕರಿಸಿ ಮುಂದೆ ನಡೆದೆವು. ಎರಡನೆಯವನು ಕೆಂಪು ಬೂಟಿಗೂ ಕರಿಯ ಬೂಟಿಗೂ ಒಂದೇ ಬ್ರಶ್ಶನ್ನು ಹಿಡಿದಿದ್ದನು. ಮೂರನೆಯವರು ಚರ್ಚ್‌ಗೇಟ್ ನಿಲ್ದಾಣದಲ್ಲಿ ಕುಳಿತಿದ್ದ, ತಲೆ ನರೆತ ಹಿರಿಯರು. ಬೂಟಿನೊಳಗೆ ಕೈಯಿಟ್ಟು ತುದಿಯವರೆಗೂ ಮುಟ್ಟಿ ನೋಡಿದರು. ಹೊರಳಿಸಿ ಅಟ್ಟೆಯನ್ನು ನೋಡಿದರು. ಬಳಿಕ ಹಿಂದಿಯಲ್ಲಿ ಹೇಳಿದರು: “ಒಳಗೆ ಇನ್ನೂ ಹಸಿ ಇದೆ, ಸಾಹೇಬರೆ. ಇದರ ಮೇಲೆ ಪಾಲಿಷು ಹಚ್ಚಿದರೆ ತೊಗಲು ಕೊಳೆಯುತ್ತದೆ. ಕಾಗದ ತುರುಕಿ ನೆರಳಿನಲ್ಲಿ ಆರಿಸಿರಿ. ಬಿಸಿಲಿಗೂ ಒಲೆಗೂ ಒಡ್ಡಬೇಡಿರಿ. ಎರಡು ದಿನ ಬಿಟ್ಟು ತನ್ನಿರಿ.” ಕಾಸನ್ನು ಮುಟ್ಟಲಿಲ್ಲ. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹುವುದು ಅಂದಿನ ದುಡಿಮೆಯನ್ನು ಅಂದೇ ಉಣ್ಣುವವರಿಗೆ ಎಷ್ಟು ಕಷ್ಟವೆಂಬುದನ್ನು ಗೃಹಸ್ಥರಾದ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಹುಡುಕುತ್ತಿದ್ದವರು ಇವರೇ ಎಂದು ನಿಶ್ಚಯವಾಯಿತು.

ಮೂರನೆಯ ದಿನ ಅವರ ಕೆಲಸವನ್ನು ಮೊದಲಿನಿಂದ ಕಡೆಯವರೆಗೆ ನೋಡಿದೆವು. ಲಾಡಿಗಳನ್ನು ಬಿಚ್ಚಿದರು. ಒಣ ಬ್ರಶ್ಶಿನಿಂದ ಹೊಲಿಗೆಯ ಸಂದಿಯ ಧೂಳನ್ನೂ, ಹಿಂಡಿದ ಬಟ್ಟೆಯಿಂದ ಬೂಷ್ಟನ್ನೂ ತೆಗೆದರು. ಬಿರುಕುಗಳಿಗೆ ಬೆರಳಿನಿಂದ ಕ್ರೀಮನ್ನು ಊಡಿಸಿದರು. ಆಮೇಲೆ ಡಬ್ಬಿಯ ಪಾಲಿಷನ್ನು ತೆಳುವಾಗಿ ಸವರಿ ಬದಿಗಿಟ್ಟರು. ಇಂತಹ ಪಾಲಿಷಿನಲ್ಲಿ ಮೇಣ, ಬಣ್ಣಕ್ಕೆ ಬೇಕಾದ ಮಸಿ, ಮೇಣವನ್ನು ಮೆತ್ತಗಿಡುವ ಟರ್ಪೆಂಟೈನಿನಂತಹ ದ್ರವ ಇರುತ್ತವೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಎಂಬ ಗಡುಸಾದ ಮೇಣವನ್ನು ಮೆರುಗಿಗಾಗಿ ಬೆರೆಸುವುದುಂಟು. ದ್ರವವು ಆರಿಹೋಗುವ ಮೊದಲೇ ಉಜ್ಜಿದರೆ ಮೇಣವು ಬ್ರಶ್ಶಿಗೆ ಅಂಟಿ ಹೊರಟುಬಿಡುತ್ತದೆ. ಆದುದರಿಂದ ಕೆಲವು ನಿಮಿಷ ಕಾಯಬೇಕು. ಕಾದು, ಬ್ರಶ್ಶಿನಿಂದ ತಿಕ್ಕಿ, ಕೊನೆಗೆ ಒಂದು ತೊಟ್ಟು ನೀರು ಚಿಮುಕಿಸಿ ಬಟ್ಟೆಯ ಪಟ್ಟಿಯಿಂದ ಎಳೆದೆಳೆದು ಉಜ್ಜಿದಾಗ ತಂದೆಯವರ ಬೂಟು ಶಾಂತವಾಗಿ ಹೊಳೆಯಿತು. ಬಿರುಕುಗಳು ಮಾಯವಾಗಲಿಲ್ಲ, ಮಾಯವಾಗವೆಂದು ಅವರು ಮೊದಲೇ ತಿಳಿಸಿದ್ದರು. ಲಗ್ನದ ದಿನ ಆ ಬೂಟುಗಳನ್ನೇ ಮೆಟ್ಟಿಕೊಂಡು ಹೋದೆವು.

ಹೀಗೆ ಕಾದು ನಿಲ್ಲುವುದರ ಬೆಲೆಯನ್ನು ನೆನಪಿಗೆ ತರುವ ಹಳೆಯ ಛಾಯಾಚಿತ್ರವೊಂದುಂಟು. 1838ರಲ್ಲಿ ದಾಗೇರ್ ಎಂಬವರು ಪ್ಯಾರಿಸ್ ನಗರದ ಒಂದು ಬೀದಿಯನ್ನು ಚಿತ್ರಿಸಿದರು. ಅಂದಿನ ಯಂತ್ರವು ಒಂದು ಚಿತ್ರಕ್ಕೆ ಹಲವು ನಿಮಿಷ ತೆಗೆದುಕೊಳ್ಳುತ್ತಿದ್ದುದರಿಂದ, ಓಡಾಡುತ್ತಿದ್ದ ಜನರೂ ಗಾಡಿಗಳೂ ಅದರಲ್ಲಿ ಮೂಡಲಿಲ್ಲ. ಬೂಟಿಗೆ ಮೆರುಗು ಕೊಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಗೃಹಸ್ಥನೂ, ಅವನ ಕಾಲಬಳಿ ಕೆಲಸದಲ್ಲಿದ್ದವನ ಮಸುಕು ಆಕಾರವೂ ಮಾತ್ರ ಉಳಿದವು. ಮನುಷ್ಯರು ಕಾಣುವ, ಇಂದು ಉಳಿದಿರುವ ಛಾಯಾಚಿತ್ರಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಎಣಿಸುತ್ತಾರೆ. ಇಬ್ಬರ ಹೆಸರೂ ಯಾರಿಗೂ ತಿಳಿಯದು.

ಬಟ್ಟೆಯ ಬೂಟುಗಳು ಹೆಚ್ಚಿದ ಈ ಕಾಲದಲ್ಲಿ ಪೆಟ್ಟಿಗೆಯ ಮುಂದೆ ನಿಲ್ಲುವವರು ಕಡಿಮೆಯಾಗುತ್ತಿದ್ದಾರೆ. ನಿಲ್ಲುವವರಾದರೂ ಮೊಬೈಲನ್ನು ನೋಡುತ್ತ ನಿಲ್ಲುತ್ತಾರೆ. 12ನೆಯ ಶತಮಾನದ ಶರಣ ಹರಳಯ್ಯನವರ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ತಾವು ಹೇಳಿದ ‘ಶರಣು’ ಎಂಬುದಕ್ಕೆ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದಾಗ, ಹೆಚ್ಚಾಗಿ ಬಂದ ಆ ಒಂದು ಮಾತಿನ ಋಣವನ್ನು ತೀರಿಸಲು ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರಂತೆ. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರಂತೆ. ಈ ಕಥೆಯನ್ನು ಮಕ್ಕಳಿಗೆ ಹೇಳುವ ನಾವು, ನಮ್ಮ ಪಾದದ ಬಳಿ ಬಾಗಿದವರನ್ನು ಏಕವಚನದಲ್ಲಿ ಕರೆದು, ನಾಲ್ಕು ಕಾಸಿಗೆ ಚೌಕಾಸಿ ಮಾಡುವುದು ತರವೆ?

ಪಟ್ಟಣಕ್ಕೆ ಹೋದಾಗ ವಾಚಕರು ಕೈ ಚುರುಕಾದವರನ್ನು ಅರಸದೆ, ಬೂಟನ್ನು ಮೊದಲು ನೋಡುವವರನ್ನು ಅರಸಲಿ. ಸಿಕ್ಕಿದರೆ ಅವರಿಗೆ ಹತ್ತು ನಿಮಿಷ ಬಿಡುವು ಕೊಡಲಿ, ಕೇಳಿದ ಕೂಲಿಯನ್ನು ಸಂತೋಷದಿಂದ ಕೊಡಲಿ, ಎದ್ದು ಹೊರಡುವಾಗ ಒಂದು ನಮಸ್ಕಾರವನ್ನೂ ಹೇಳಲಿ.