ಬಾಗಿಲಿಗೆ ಬಂದ ಜವಳಿ

ದಾವಣಗೆರೆ ಸೀಮೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ‘ಜವಳಿ ಯಾವಾಗ ತರೋದು?’ ಚನ್ನಗಿರಿಯವರಾಗಲಿ, ಜಗಳೂರಿನವರಾಗಲಿ, ಜವಳಿಗೆಂದು ಹತ್ತುತ್ತಿದ್ದುದು ದಾವಣಗೆರೆಯ ಬಸ್ಸನ್ನೇ. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಶಿವಮೊಗ್ಗವೂ ದೂರವಲ್ಲ. ಹೊರಡುವವರು ಒಬ್ಬಿಬ್ಬರಲ್ಲ; ಅಜ್ಜಿ, ಸೋದರತ್ತೆ, ದೊಡ್ಡಪ್ಪ, ಜೊತೆಗೆ ಬಟ್ಟೆ ನೋಡಿ ಪಳಗಿದ ನೆರೆಮನೆಯಾಕೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರು ದಾವಣಗೆರೆ. ಗಿರಣಿಗಳ ಸದ್ದು ಅಡಗಿದ ಮೇಲೂ ಜವಳಿ ಅಂಗಡಿಗಳ ಗದ್ದಲ ಅಡಗಲಿಲ್ಲ. ಗಾದಿಯ ಮೇಲೆ ಕೂತು, ಸೀರೆಯ ಸೆರಗು ಬಿಚ್ಚಿಸಿ, ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, ಬೆಲೆಗೆ ಜಗ್ಗಾಡಿ, ಕೊನೆಗೆ ಬೆಣ್ಣೆದೋಸೆ ತಿಂದು ಸಂಜೆಯ ಬಸ್ಸಿಗೆ ಊರು ಸೇರಿದರೆ ಅದೊಂದು ಪುಟ್ಟ ಜಾತ್ರೆ!

ಆ ಜಾತ್ರೆ ಈಗಲೂ ನಿಂತಿಲ್ಲ. ಆದರೆ ಅದರ ಪಕ್ಕದಲ್ಲೇ ಸದ್ದಿಲ್ಲದ ಇನ್ನೊಂದು ಸಂತೆ ನೆರೆದಿದೆ, ಮೊಬೈಲಿನಲ್ಲಿ.

ಚನ್ನಗಿರಿಯ ಸುತ್ತ ಎತ್ತ ನೋಡಿದರೂ ಅಡಿಕೆ ತೋಟ. ಕೊಯ್ಲಿನ ದಿನಗಳಲ್ಲಿ ಖೇಣಿದಾರರ ಕಣಗಳಲ್ಲಿ ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತಾರೆ. ಆ ದಾರಿಯಲ್ಲೇ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಹುಡುಗ ಬೈಕಿನಲ್ಲಿ ಬರುತ್ತಾನೆ. ಹಳ್ಳಿಯಲ್ಲಿ ಮನೆ ನಂಬರು ನೋಡಿ ಮನೆ ಹುಡುಕುವುದುಂಟೇ? ‘ಹಾಲಿನ ಡೈರಿ ಹಿಂದೆ’, ‘ಆಂಜನೇಯನ ಗುಡಿ ಎದುರು’ ಎಂಬುದೇ ವಿಳಾಸ. ಫೋನು ಬಂದೊಡನೆ ಕಾಲೇಜು ಹುಡುಗಿ ಓಡಿಬಂದು ಕಟ್ಟನ್ನು ಇಸಿದುಕೊಂಡು ಒಳಗೆ ನಡೆದುಬಿಡುತ್ತಾಳೆ. ‘ಮತ್ತೆ ತರಿಸಿದ್ಯಾ?’ ಎಂಬ ಅಪ್ಪನ ಪ್ರಶ್ನೆ ಜಗಲಿಯಲ್ಲೇ ಉಳಿಯುತ್ತದೆ.

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಪೇಟೆಯಲ್ಲಿ ಅಂಗಡಿಗಳಿಲ್ಲವೆ? ಇವೆ. ಆದರೆ ಆ ಅಂಗಡಿಯವರಿಗೆ ಅವಳು ಯಾರ ಮಗಳೆಂದು ಗೊತ್ತು, ಮನೆಯ ಉದ್ರಿ ಲೆಕ್ಕವೂ ಗೊತ್ತು. ‘ಇದಕ್ಕಿಂತ ಕಡಿಮೆದು ತೋರಿಸಿ’ ಎಂದು ನಾಲ್ಕು ಜನರೆದುರು ಹೇಳಬೇಕಾದ ಸಂಕಟ ಹೇಳಿದವರಿಗೇ ಗೊತ್ತು. ಹತ್ತು ಬಟ್ಟೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದು ಬರಲು ಬೇರೆಯೇ ಧೈರ್ಯ ಬೇಕು. ಒಳಉಡುಪಿನ ಅಳತೆಯನ್ನು ಗಂಡಸು ಮಾರಾಟಗಾರನಿಗೆ ಹೇಳುವ ಮುಜುಗರವಂತೂ ತಾಯಂದಿರ ಕಾಲದಿಂದಲೂ ಇದ್ದದ್ದೇ. ಮೊಬೈಲಿನಲ್ಲಿ ನೂರು ಬಟ್ಟೆ ನೋಡಿ ಬಿಟ್ಟರೂ ಮುಖ ಗಂಟಿಕ್ಕುವವರಿಲ್ಲ. ತಾನು ನೋಡಬಹುದು, ತನ್ನನ್ನು ಯಾರೂ ನೋಡುವುದಿಲ್ಲ. ಅಗ್ಗದ ಬೆಲೆಗಿಂತ ಈ ನಿರಾಳವೇ ದೊಡ್ಡ ಸೆಳೆತವೆಂದು ತೋರುತ್ತದೆ.

ವ್ಯಾಪಾರವೇನೋ ಹೊಸದು, ಬೇರು ಬೆಂಗಳೂರಿನಲ್ಲೇ ಇದೆ. ಫ್ಲಿಪ್‌ಕಾರ್ಟ್ 2007ರಲ್ಲಿ ಅಲ್ಲಿ ಪುಸ್ತಕ ಮಾರುತ್ತ ಹುಟ್ಟಿತು. ಅದೇ ವರ್ಷ ಶುರುವಾದ ಮಿಂತ್ರಾ ಬಟ್ಟೆಗೆ ತಿರುಗಿ, 2014ರಲ್ಲಿ ಫ್ಲಿಪ್‌ಕಾರ್ಟ್‌ನ ಪಾಲಾಯಿತು. ಮೀಶೋ ಹುಟ್ಟಿದ್ದು 2015ರಲ್ಲಿ. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಮಾತನಾಡತೊಡಗಿದವು. ಆದರೆ ಕಟ್ಟು ಕೈಗೆ ಬಂದ ಮೇಲೆ ಹಣ ಕೊಡುವ ಪದ್ಧತಿ ಹಿರಿಯರಿಗೆ ಹೊಸದಲ್ಲ. ಅಂಚೆಯಣ್ಣನಿಗೆ ದುಡ್ಡೆಣಿಸಿ ಕೊಟ್ಟು ವಿ.ಪಿ.ಪಿ. ಬಿಡಿಸಿಕೊಂಡವರೇ ಇಂದು ಮಕ್ಕಳನ್ನು ಗದರುತ್ತಿರುವುದು!

ಬಟ್ಟೆಗಾಗಿ ಕಾಯುವುದೂ ಹೊಸದಲ್ಲ. 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯ ಸೂರಗೊಂಡನಕೊಪ್ಪಕ್ಕೆ ಫೆಬ್ರುವರಿಯಲ್ಲಿ ಹೋದರೆ ಇದು ಕಣ್ಣಿಗೆ ಕಟ್ಟುತ್ತದೆ. ಸಂತ ಸೇವಾಲಾಲರ ಜಯಂತಿಗೆ ನೆರೆಯ ರಾಜ್ಯಗಳಿಂದಲೂ ಲಂಬಾಣಿಗರು ಅಲ್ಲಿಗೆ ಬರುತ್ತಾರೆ. ಹಿರಿಯ ಹೆಂಗಸರು ಉಟ್ಟ ಫೇಟಿಯಾ, ತೊಟ್ಟ ಕಾಂಚಳಿಗಳ ಕನ್ನಡಿ ಚೂರುಗಳು ಬಿಸಿಲಿಗೆ ಮಿರುಗುತ್ತವೆ. ಅವು ಒಂದು ದಿನದಲ್ಲಿ ಆದ ಬಟ್ಟೆಗಳಲ್ಲ. ತಿಂಗಳುಗಟ್ಟಲೆ ಸೂಜಿ ಹಿಡಿದು ಕೂತ ಕೆಲಸ. ಹೊಲಿಯುವವಳೂ ತೊಡುವವಳೂ ಒಂದೇ ತಾಂಡಾದವರು, ಕಾಯುವಿಕೆಯೂ ಇಬ್ಬರದು. ಈಗ ಅದೇ ಕನ್ನಡಿ ಕಸೂತಿಯನ್ನು ಹೋಲುವ ಯಂತ್ರದ ಕೆಲಸ ಮೊಬೈಲಿನಲ್ಲಿ ಸಿಗುತ್ತದೆ. ತಾಂಡಾದ ಹುಡುಗಿ ಅದನ್ನು ತರಿಸಿದರೆ ತಪ್ಪೇನಿಲ್ಲ. ‘ಹೊರಟಿದೆ’, ‘ದಾವಣಗೆರೆ ತಲುಪಿದೆ’ ಎಂಬ ಸಂದೇಶಗಳನ್ನು ಅವಳು ಒಬ್ಬಳೇ ಓದುತ್ತಾಳೆ, ಅಷ್ಟೆ.

ಆ ಸಂದೇಶಗಳಲ್ಲೇ ಅರ್ಧ ಸುಖವಿದೆ. ಕೋತಿಗಳ ಮೆದುಳನ್ನು ಪರೀಕ್ಷಿಸಿದ ವಿಜ್ಞಾನಿ ವುಲ್ಫ್ರಮ್ ಶುಲ್ಟ್ಸ್ 1990ರ ದಶಕದಲ್ಲಿ ಕಂಡುಕೊಂಡ ಸಂಗತಿ ಇದು: ಹಣ್ಣಿನ ರಸದ ರುಚಿ ಕಂಡು ಪಳಗಿದ ಕೋತಿಯ ಮೆದುಳಿನ ಡೋಪಮೈನ್ ನರಕೋಶಗಳು ರಸ ಬಾಯಿಗೆ ಬಿದ್ದಾಗ ಅಲ್ಲ, ರಸ ಬರಲಿದೆಯೆಂಬ ಸೂಚನೆ ಕಂಡಾಗಲೇ ಚುರುಕಾಗುತ್ತವೆ. ಕಟ್ಟು ಬಿಚ್ಚಿದ ಮೇಲೆ ಉತ್ಸಾಹ ಇಳಿದು, ಬೆರಳು ಮತ್ತೆ ಮೊಬೈಲಿನತ್ತ ಹೋಗುವುದರಲ್ಲಿ ಅಚ್ಚರಿಯೇನು? ವ್ಯಾಪಾರಿಗಳೂ ಇದನ್ನು ಬಲ್ಲರು. ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳೇ ಅವಸರ ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿತು. ಮೋಸ ಹೋದವರು 1915ಕ್ಕೆ ಫೋನು ಮಾಡಿ ದೂರು ಕೊಡಬಹುದು. ಇದು ಗೊತ್ತಿರುವ ವಿದ್ಯಾರ್ಥಿಗಳು ಎಷ್ಟು ಜನ!

ಜಗಳೂರಿನ ಮಾತೇ ಬೇರೆ. ಚನ್ನಗಿರಿಗೆ ಸೂಳೆಕೆರೆಯ ಆಸರೆಯಿದ್ದರೆ ಜಗಳೂರು ಮೋಡ ನೋಡಿಕೊಂಡು ಬದುಕಿದ ಸೀಮೆ. ಬೆಳೆ ಕೈಗೆ ಬಂದರೆ ಬಟ್ಟೆ, ಇಲ್ಲದಿದ್ದರೆ ಮುಂದಿನ ಯುಗಾದಿಗೆ ಎಂಬುದು ಇಲ್ಲಿನ ಹಳೆಯ ಲೆಕ್ಕ. ಇಂಥ ಮನೆಯಲ್ಲಿ ಇನ್ನೂರೈವತ್ತು ರೂಪಾಯಿಯ ಕುರ್ತಿ ಸಣ್ಣ ವಿಷಯವಲ್ಲ. ಹಾಸ್ಟೆಲಿನ ಹುಡುಗಿಗೆ ಅದು ಅಕ್ಕನ ಹಳೆಯದಲ್ಲದ, ತಾನೇ ಆರಿಸಿದ ಬಟ್ಟೆ. ಕಟ್ಟಿನ ಮೇಲೆ ತನ್ನದೇ ಹೆಸರು ಅಚ್ಚಾಗಿರುತ್ತದೆ. ಅಂಕಪಟ್ಟಿ ಬಿಟ್ಟರೆ ಅವಳ ಹೆಸರು ಅಚ್ಚಾಗಿ ಮನೆಗೆ ಬಂದದ್ದು ಬೇರೆ ಯಾವುದಿದೆ? ಆ ಹಣ ಎಷ್ಟು ದಿನದ ಕೂಲಿಯಿಂದ ಬಂತೆಂಬ ಲೆಕ್ಕ ತಾಯಿಯ ತಲೆಯಲ್ಲಿರುತ್ತದೆ, ಮಗಳ ತಲೆಯಲ್ಲಿಯೂ.

ರಜೆಗೆ ಊರಿಗೆ ಬಂದ ಮಗಳು ಅಳುಕುತ್ತಲೇ ಹೊಸ ಕುರ್ತಿ ತೋರಿಸುತ್ತಾಳೆ. ತಾಯಿ ಸೆರಗಿಗೆ ಕೈ ಒರೆಸಿಕೊಂಡು, ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜುತ್ತಾಳೆ.

‘ಗಂಜಿ ಭಾಳ ಐತಿ. ಒಂದ್ ನೀರಿಗೆ ಹಾಕಿದ್ರೆ ಜಾಳಾಗ್ತತಿ ನೋಡು.’

‘ವಾಪಸ್ ಕಳಸ್ಲೇನಮ್ಮ?’

ತಾಯಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ‘ಇರ್ಲಿ ಬಿಡು, ಬಣ್ಣ ಚಲೋ ಐತಿ. ಅದ್ರಾಗೆ ಸೀರೀನೂ ಬರ್ತಾವೇನು?’